ಕತ್ತಲೆಯಲ್ಲಿ ಮಿನುಗುವ ಮೂರು ಚುಕ್ಕೆಗಳು

ಪಿಸ್ತೂಲಿನ ‘ಇರುಳು ಸೈಟು’ ತೋರಿಸುವುದೇನು, ತೋರಿಸದಿರುವುದೇನು?

ಆಯುಧವೆಂಬುದು ಇತರ ಸಲಕರಣೆಗಳಂತಲ್ಲ. ಮನೆಯ ದೀಪವನ್ನೋ ಕೈಗಡಿಯಾರವನ್ನೋ ಸುಧಾರಿಸಿಕೊಂಡರೆ ಅದರ ಲಾಭನಷ್ಟಗಳು ಒಡೆಯನಿಗೆ ಮಾತ್ರ ಸಂಬಂಧಿಸಿದವು. ಪಿಸ್ತೂಲನ್ನು ಸುಧಾರಿಸಿಕೊಂಡರೆ ಅದರ ಫಲವನ್ನು ಉಣ್ಣುವವನು ಎದುರಿಗೆ ನಿಂತ ಇನ್ನೊಬ್ಬನು. ಆದುದರಿಂದ ಇಂತಹ ಸುಧಾರಣೆಯ ವಿಷಯದಲ್ಲಿ ಆಯುಧ ಹಿಡಿಯುವವನಿಗೆ ಎಷ್ಟು ತಿಳಿವಳಿಕೆ ಬೇಕೋ, ಹಿಡಿಯದವನಿಗೂ ಅಷ್ಟೇ ಬೇಕು.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸಾಮಾನ್ಯ ನಾಗರಿಕರು ಅಂಗಿಯ ಮರೆಯಲ್ಲಿ ಪಿಸ್ತೂಲು ಧರಿಸಿ ತಿರುಗುವ ವಾಡಿಕೆಯುಂಟು. ಅಲ್ಲಿಯ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇದಕ್ಕೆ ಪರವಾನಗಿಯ ಅವಶ್ಯಕತೆಯೂ ಈಗ ಇಲ್ಲ. ಹೀಗೆ ಧರಿಸುವುದಕ್ಕೆಂದೇ ತಯಾರಾದ ಚಿಕ್ಕ ಪಿಸ್ತೂಲನ್ನು ಕೊಂಡವನು, ಬಹುಮಟ್ಟಿಗೆ ಎಲ್ಲಕ್ಕಿಂತ ಮೊದಲು ಅದರ ಒಂದು ಭಾಗವನ್ನು ಬದಲಾಯಿಸುತ್ತಾನೆ. ಅದೇ ಗುರಿ ಹಿಡಿಯುವ ‘ಸೈಟು’. ಕಾರ್ಖಾನೆಯಿಂದ ಬಂದ ಸೈಟನ್ನು ತೆಗೆದು, ಕತ್ತಲೆಯಲ್ಲಿ ತಾನಾಗಿಯೇ ಹೊಳೆಯುವ ಸೈಟನ್ನು ಆತನು ಹಾಕಿಸಿಕೊಳ್ಳುತ್ತಾನೆ. ಈ ಹೊಳಪು ಎಲ್ಲಿಂದ ಬಂತು, ಅದಕ್ಕೆ ಯಾರು ಬೆಲೆ ತೆತ್ತರು, ಅದು ಎಷ್ಟರಮಟ್ಟಿಗೆ ಉಪಯುಕ್ತ ಎಂಬುದನ್ನು ಇಲ್ಲಿ ವಿಚಾರಿಸೋಣ. ರಾತ್ರಿ ಗಲ್ಲಾಪೆಟ್ಟಿಗೆಯ ಲೆಕ್ಕ ಮುಗಿಸಿ, ಕಡೆಯ ಲೋಕಲ್ ಗಾಡಿ ಹಿಡಿದು, ಕತ್ತಲೆಯ ಗಲ್ಲಿಯಲ್ಲಿ ಮನೆ ಸೇರುವ ನಮ್ಮ ವಾಚಕ ಬಂಧುಗಳಿಗೆ ಈ ವಿಚಾರವು ದೂರದ್ದೆಂದು ಮೊದಲು ತೋರಬಹುದು. ಕೊನೆಯವರೆಗೆ ಓದಿದರೆ ಅದು ಅಷ್ಟು ದೂರದ್ದಲ್ಲವೆಂದು ಮನದಟ್ಟಾಗುವುದು.

ಒಂದು ಮಿಲಿಮೀಟರಿನ ಮಹಿಮೆ

ಪಿಸ್ತೂಲಿನ ಮೇಲ್ಭಾಗದಲ್ಲಿ, ಗುಂಡು ಹೊರಬರುವ ಬಾಯಿಯ ಕಡೆಗೆ ಒಂದು ಚಿಕ್ಕ ಮೊಳೆಯಂತಹ ಏಣು ಇರುತ್ತದೆ. ಇದು ಮುಂದಿನ ಸೈಟು. ಉತ್ತರ ಹಿಂದುಸ್ಥಾನದ ಬೇಟೆಗಾರರು ಬಂದೂಕಿನ ಈ ಏಣನ್ನು ‘ಮಕ್ಖೀ’, ಎಂದರೆ ನೊಣ, ಎಂದು ಕರೆಯುವರು; ಕೊಳವೆಯ ತುದಿಯಲ್ಲಿ ನೊಣ ಕುಳಿತಂತೆ ಕಾಣುವುದರಿಂದ ಈ ಹೆಸರು ಒಪ್ಪುತ್ತದೆ. ಹಿಡಿಕೆಯ ಕಡೆಗೆ ನಡುವೆ ಕಚ್ಚು ಕೊಯ್ದ ಇನ್ನೊಂದು ತುಂಡು ಇರುವುದು. ಇದು ಹಿಂದಿನ ಸೈಟು. ಹಿಂದಿನ ಕಚ್ಚಿನ ನಡುವೆ ಮುಂದಿನ ಏಣನ್ನು ಸರಿಯಾಗಿ ನಿಲ್ಲಿಸಿ, ಎರಡರ ತಲೆಗಳನ್ನೂ ಒಂದೇ ಮಟ್ಟಕ್ಕೆ ತಂದರೆ ಗುರಿ ಹಿಡಿದಂತಾಯಿತು.

ಇದರಲ್ಲಿ ಕಷ್ಟವೇನೆಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಆಸ್ಟ್ರಿಯಾ ದೇಶದ ‘ಗ್ಲಾಕ್ ೧೯’ ಎಂಬ ಪಿಸ್ತೂಲನ್ನೇ ತೆಗೆದುಕೊಳ್ಳಿ. ಗಾಸ್ಟನ್ ಗ್ಲಾಕ್ ಎಂಬವರು ನಿರ್ಮಿಸಿದ ದೊಡ್ಡ ಪಿಸ್ತೂಲನ್ನು ಆ ದೇಶದ ಸೈನ್ಯವು ೧೯೮೨ರಲ್ಲಿ ಸ್ವೀಕರಿಸಿತು. ಅದನ್ನೇ ಕುಗ್ಗಿಸಿ ೧೯೮೮ರಲ್ಲಿ ಹೊರತಂದ ಈ ಮಾದರಿಯ ಕೊಳವೆಯ ಉದ್ದ ೧೦೨ ಮಿಲಿಮೀಟರು. ಎರಡು ಸೈಟುಗಳ ನಡುವಣ ಅಂತರ ಸುಮಾರು ೧೫೦ ಮಿಲಿಮೀಟರು. ಗುರಿಯು ೧೫ ಮೀಟರು ದೂರದಲ್ಲಿದ್ದರೆ, ಅದು ಈ ಅಂತರದ ನೂರು ಪಟ್ಟಾಯಿತು. ಮುಂದಿನ ಸೈಟು ಕಚ್ಚಿನೊಳಗೆ ಒಂದೇ ಒಂದು ಮಿಲಿಮೀಟರು ಅತ್ತಿತ್ತ ಸರಿದರೂ ಗುಂಡು ನೂರು ಮಿಲಿಮೀಟರು, ಎಂದರೆ ನಾಲ್ಕು ಅಂಗುಲ, ತಪ್ಪುವುದು. ಪಿಸ್ತೂಲು ಚಿಕ್ಕದಾದಷ್ಟೂ ಮರೆಮಾಡಲು ಸುಲಭ; ಆದರೆ ಸೈಟುಗಳ ಅಂತರ ಕಡಮೆಯಾಗಿ ತಪ್ಪು ಅಷ್ಟಷ್ಟು ಹಿಗ್ಗುತ್ತ ಹೋಗುತ್ತದೆ.

ಇದು ಹಗಲಿನ ಮಾತು. ಇರುಳಿನಲ್ಲಿ ಕರಿಯ ಲೋಹದ ಮೇಲಿನ ಕರಿಯ ಏಣು ಕಾಣುವುದೇ ಇಲ್ಲ. ನಮ್ಮ ಕಣ್ಣಿನೊಳಗೆ ಎರಡು ಬಗೆಯ ಗ್ರಾಹಕ ಕಣಗಳಿವೆ. ಸೂಕ್ಷ್ಮ ವಿವರಗಳನ್ನೂ ಬಣ್ಣಗಳನ್ನೂ ಗುರುತಿಸುವ ಕಣಗಳು ಮಂದ ಬೆಳಕಿನಲ್ಲಿ ಕೆಲಸ ಮಾಡುವುದಿಲ್ಲ. ಮಂದ ಬೆಳಕಿಗೆ ಸ್ಪಂದಿಸುವ ಕಣಗಳು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷಗಳು ಬೇಕು; ಹೊಂದಿಕೊಂಡ ಮೇಲೂ ಅವು ಆಕಾರಗಳನ್ನು ಮಸುಕಾಗಿಯೇ ತೋರಿಸುವುವು. ಇದರ ಮೇಲೆ ಪ್ರಾಯ ನಾಲ್ವತ್ತು ದಾಟಿ ಚಾಳೀಸು ಬಂದವರ ಪಾಡು ಬೇರೆ. ಲೆಕ್ಕದ ಪುಸ್ತಕವನ್ನು ಮಾರು ದೂರ ಹಿಡಿದು ಓದಬೇಕಾದ ಗುಮಾಸ್ತನಿಗೆ, ಚಾಚಿದ ಕೈಯ ತುದಿಯಲ್ಲಿರುವ ಆ ಏಣು ಹಗಲಿನಲ್ಲಿಯೇ ಮಬ್ಬಾಗಿ ಕಾಣುವುದು.

ಈ ತೊಂದರೆಯ ನಿವಾರಣೆಗಾಗಿಯೇ ಹೊಳೆಯುವ ಚುಕ್ಕೆಗಳು ಬಂದವು. ಹಿಂದಿನ ಸೈಟಿನಲ್ಲಿ ಎರಡು, ಮುಂದಿನದರಲ್ಲಿ ಒಂದು. ಮೂರೂ ಒಂದೇ ಸಾಲಿನಲ್ಲಿ ನಿಂತರೆ ಪಿಸ್ತೂಲು ನೆಟ್ಟಗಿದೆಯೆಂದು ಅರ್ಥ.

ರೇಡಿಯಂ ಎಂಬ ಮಾಯೆ

ನಮ್ಮ ನಾಡಿನಲ್ಲಿ ಆಟೋರಿಕ್ಷಾದ ಹಿಂದೆ ಅಂಟಿಸುವ ಹೊಳೆಯುವ ಅಕ್ಷರಗಳನ್ನು ‘ರೇಡಿಯಂ’ ಎಂದೇ ಕರೆಯುವರು. ವಾಸ್ತವದಲ್ಲಿ ಆ ಹಾಳೆಯಲ್ಲಿ ರೇಡಿಯಮ್ಮಿನ ಒಂದು ಕಣವೂ ಇಲ್ಲ. ಹಿಂದಿನಿಂದ ಬರುವ ವಾಹನದ ಬೆಳಕನ್ನು ಅದು ಮರಳಿ ಕಳುಹಿಸುತ್ತದೆ, ಅಷ್ಟೆ. ಮಕ್ಕಳ ಕೋಣೆಯ ಗೋಡೆಗೆ ಅಂಟಿಸುವ ನಕ್ಷತ್ರಗಳದು ಇನ್ನೊಂದು ಬಗೆ. ಅವು ಬೆಳಕನ್ನು ಹೀರಿಕೊಂಡು, ಕತ್ತಲಾದ ಮೇಲೆ ಸ್ವಲ್ಪ ಹೊತ್ತು ಬಿಟ್ಟುಕೊಡುತ್ತವೆ. ಆದರೆ ಹೆಸರು ಸುಮ್ಮನೆ ಉಳಿಯಲಿಲ್ಲ. ಒಂದು ಕಾಲದಲ್ಲಿ ಕತ್ತಲೆಯ ಹೊಳಪೆಂದರೆ ರೇಡಿಯಮ್ಮೇ ಆಗಿತ್ತು.

ಕ್ಯೂರಿ ದಂಪತಿಗಳು ೧೮೯೮ರಲ್ಲಿ ಕಂಡುಹಿಡಿದ ಈ ಧಾತುವನ್ನು ಸತುವಿನ ಗಂಧಕ ಸಂಯುಕ್ತದೊಡನೆ ಬೆರೆಸಿದರೆ, ಹೊರಗಿನ ಬೆಳಕಿನ ಹಂಗಿಲ್ಲದೆ ಹಗಲಿರುಳೂ ಮಿನುಗುವ ಬಣ್ಣ ಸಿದ್ಧವಾಗುವುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಗಡಿಯಾರಗಳಿಗೂ ಯಂತ್ರಗಳ ಮುಖಫಲಕಗಳಿಗೂ ಇದು ಬೇಕಾಯಿತು. ಅಮೆರಿಕದ ನ್ಯೂಜರ್ಸಿ ರಾಜ್ಯದ ಆರೆಂಜ್ ಪಟ್ಟಣದ ಕಾರ್ಖಾನೆಯಲ್ಲಿ ೧೯೧೭ರಿಂದ ಎಳೆಯ ಪ್ರಾಯದ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಈ ಬಣ್ಣವನ್ನು ಅಂಕಿಗಳ ಮೇಲೆ ಬಳಿಯುತ್ತಿದ್ದರು. ಕುಂಚದ ಮೊನೆ ಚೂಪಾಗಿರಬೇಕಾದುದರಿಂದ, ಅದನ್ನು ತುಟಿಗಳ ನಡುವೆ ಇಟ್ಟು ಮೊನೆ ಮಾಡುವಂತೆ ಅವರಿಗೆ ಕಲಿಸಲಾಗಿತ್ತು. ಕೆಲಸ ಮುಗಿಸಿ ಹೊರಟರೆ ಅವರ ತಲೆಗೂದಲೂ ಉಡುಪೂ ಕತ್ತಲೆಯಲ್ಲಿ ಹೊಳೆಯುತ್ತಿದ್ದುವು. ಅದು ಅವರಿಗೆ ವಿನೋದವಾಗಿತ್ತು.

ಒಳಹೊಕ್ಕ ರೇಡಿಯಂ ಎಲುಬಿನಲ್ಲಿ ಸೇರಿಕೊಂಡಿತು. ಹಲ್ಲುಗಳು ಉದುರಿದುವು, ದವಡೆಗಳು ಕೊಳೆತುವು, ಒಬ್ಬೊಬ್ಬರಾಗಿ ಸಾಯತೊಡಗಿದರು. ೧೯೨೭ರಲ್ಲಿ ಗ್ರೇಸ್ ಫ್ರೈಯರ್ ಎಂಬವಳೂ ಆಕೆಯ ನಾಲ್ವರು ಸಂಗಾತಿಯರೂ ಕಂಪೆನಿಯ ಮೇಲೆ ದಾವೆ ಹೂಡಿದರು. ಮರುವರ್ಷ ತಲಾ ೧೦,೦೦೦ ಡಾಲರು ಪರಿಹಾರ ಮತ್ತು ವರ್ಷಕ್ಕೆ ೬೦೦ ಡಾಲರು ವರ್ಷಾಶನದ ಮೇಲೆ ರಾಜಿಯಾಯಿತು. ಆ ಬಣ್ಣವನ್ನು ತಯಾರಿಸಿದ ವೈದ್ಯ ಸಬಿನ್ ಫಾನ್ ಸೊಶಾಕಿಯೂ ಅದೇ ೧೯೨೮ರಲ್ಲಿ ಅದರ ವಿಷದಿಂದಲೇ ಮೃತನಾದನು. ಯುದ್ಧಭೂಮಿಯ ಕತ್ತಲೆಯಲ್ಲಿ ಸೈನಿಕನಿಗೆ ವೇಳೆಯನ್ನು ತೋರಿಸಿದ ಆ ಹೊಳಪಿನ ಹಿಂದೆ, ವಾರದ ಕೂಲಿಗೆ ದುಡಿದ ಈ ಹೆಣ್ಣುಮಕ್ಕಳ ಮೂಳೆಗಳಿವೆ ಎಂಬುದನ್ನು ಮರೆಯಲಾಗದು.

ಗಾಜಿನ ಕೊಳವೆಯೊಳಗಿನ ಟ್ರಿಟಿಯಂ

ಈಗಿನ ಇರುಳು ಸೈಟಿನಲ್ಲಿ ರೇಡಿಯಂ ಇಲ್ಲ; ಟ್ರಿಟಿಯಂ ಇದೆ. ಇದು ಜಲಜನಕದ ಭಾರವಾದ ಬಂಧು. ೧೯೩೪ರಲ್ಲಿ ರುದರ್‌ಫರ್ಡ್, ಒಲಿಫಂಟ್ ಮತ್ತು ಹಾರ್ಟೆಕ್ ಎಂಬ ವಿಜ್ಞಾನಿಗಳು ಇದನ್ನು ಕಂಡುಕೊಂಡರು. ರೇಡಿಯಮ್ಮಿನ ಕಿರಣಗಳ ಮುಂದೆ ಇದರ ಕಿರಣಗಳು ತೀರ ದುರ್ಬಲ. ಗಾಳಿಯಲ್ಲಿ ಅರ್ಧ ಅಂಗುಲವನ್ನೂ ದಾಟಲಾರವು, ತೆಳುವಾದ ಗಾಜನ್ನಾಗಲಿ ಚರ್ಮದ ಮೇಲ್ಪದರವನ್ನಾಗಲಿ ಭೇದಿಸಲಾರವು. ಕೂದಲೆಳೆಗಿಂತ ಸ್ವಲ್ಪವೇ ದಪ್ಪನಾದ ಗಾಜಿನ ಕೊಳವೆಗಳನ್ನೂ ಇದಕ್ಕಾಗಿ ಮಾಡುವುದುಂಟು. ಕೊಳವೆಯ ಒಳಗೋಡೆಗೆ ಹೊಳೆಯುವ ಪುಡಿಯನ್ನು ಬಳಿದು, ಟ್ರಿಟಿಯಂ ಅನಿಲವನ್ನು ತುಂಬಿ, ಲೇಸರ್ ಕಿರಣದಿಂದ ಬಾಯಿಯನ್ನು ಬೆಸೆಯುವರು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಬಳಿಯ ಕಾರ್ಖಾನೆಯೊಂದು ಈ ಕೆಲಸದಲ್ಲಿ ಪ್ರಸಿದ್ಧವಾಗಿದೆ. ಅಂತಹ ಕೊಳವೆಯನ್ನು ಉಕ್ಕಿನ ಸೈಟಿನಲ್ಲಿ ಕೊರೆದ ತೂತಿನೊಳಗೆ ಕೂರಿಸಿದರೆ ಬ್ಯಾಟರಿಯಿಲ್ಲದೆ, ತಂತಿಯಿಲ್ಲದೆ, ಗುಂಡಿ ಒತ್ತದೆ ಅದು ಹೊಳೆಯುತ್ತಿರುವುದು. ಕತ್ತಲೆಗೆ ಹೊಂದಿದ ಕಣ್ಣಿಗೆ ಹಸುರು ಬಣ್ಣ ಚೆನ್ನಾಗಿ ಕಾಣುವುದರಿಂದ ಮುಂದಿನ ಚುಕ್ಕೆಯನ್ನು ಸಾಮಾನ್ಯವಾಗಿ ಹಸುರಾಗಿಯೇ ಇಡುವರು. ಹಿಂದಿನವನ್ನು ಕೆಲವರು ಬೇರೆ ಬಣ್ಣದಲ್ಲಿ ಮಾಡುವರು.

ಆದರೆ ಈ ದೀಪಕ್ಕೆ ಆಯುಸ್ಸಿನ ಮಿತಿಯುಂಟು. ಸುಮಾರು ೧೨ ವರ್ಷ ೪ ತಿಂಗಳಿಗೆ ಟ್ರಿಟಿಯಂ ಅರ್ಧಕ್ಕೆ ಇಳಿಯುತ್ತದೆ, ಇನ್ನೂ ಅಷ್ಟು ಕಾಲಕ್ಕೆ ಕಾಲುಭಾಗವಾಗುತ್ತದೆ. ಬಳಸಿದರೂ ಅಷ್ಟೆ, ಪೆಟ್ಟಿಗೆಯಲ್ಲಿಟ್ಟರೂ ಅಷ್ಟೆ. ಆದುದರಿಂದಲೇ ಹಳೆಯ ಪಿಸ್ತೂಲನ್ನು ಕೊಳ್ಳುವ ಅಮೆರಿಕನ್ನನು, ನಾವು ಹಾಲಿನ ಪೊಟ್ಟಣದ ತಾರೀಖನ್ನು ನೋಡುವಂತೆ, ಸೈಟು ತಯಾರಾದ ವರ್ಷವನ್ನು ನೋಡುವನು.

ಟ್ರಿಟಿಯಂ ಕನ್ನಡ ನಾಡಿಗೆ ಅಪರಿಚಿತವಲ್ಲ. ಭಾರಜಲವನ್ನು ಬಳಸುವ ಅಣುಸ್ಥಾವರಗಳಲ್ಲಿ ಅದು ತಾನಾಗಿಯೇ ಹುಟ್ಟುವುದು. ಕೆನಡಾ ದೇಶದಲ್ಲಿ ಇಂತಹ ಸ್ಥಾವರಗಳ ಭಾರಜಲದಿಂದಲೇ ಟ್ರಿಟಿಯಮ್ಮನ್ನು ಬೇರ್ಪಡಿಸಿ ಮಾರುವರು. ಉತ್ತರ ಕನ್ನಡದ ಕಾಳಿ ನದಿಯ ದಂಡೆಯ ಮೇಲಿನ ಕೈಗಾ ಸ್ಥಾವರವೂ ಇದೇ ಜಾತಿಯದು. ೨೦೦೯ರ ನವೆಂಬರಿನಲ್ಲಿ ಅಲ್ಲಿಯ ಕುಡಿಯುವ ನೀರಿನ ಯಂತ್ರವೊಂದರಲ್ಲಿ ಟ್ರಿಟಿಯಂ ಕೂಡಿದ ಭಾರಜಲವು ಬೆರೆತು, ಐವತ್ತಕ್ಕೂ ಹೆಚ್ಚು ಮಂದಿ ನೌಕರರ ಮೈಯಲ್ಲಿ ಅದು ಕಂಡುಬಂದಿತು. ಯಾರೋ ಬೇಕೆಂದೇ ಬೆರೆಸಿದ ಕೃತ್ಯವಿದೆಂದು ಅಧಿಕಾರಿಗಳು ಹೇಳಿದರು. ಹೊರಗಿದ್ದು ಚರ್ಮವನ್ನೂ ದಾಟಲಾರದ ವಸ್ತುವು ನೀರಿನೊಡನೆ ಹೊಟ್ಟೆ ಸೇರಿದರೆ ಮೈಯೆಲ್ಲ ವ್ಯಾಪಿಸುವುದು. ಅದರಲ್ಲಿ ಅರ್ಧದಷ್ಟು ಸುಮಾರು ಹತ್ತು ದಿನಗಳಲ್ಲಿ ಮೂತ್ರ ಮತ್ತು ಬೆವರುಗಳಿಂದ ಹೊರಟುಹೋಗುವುದೆಂಬುದೊಂದೇ ಸಮಾಧಾನ. ಪಿಸ್ತೂಲಿನ ಕೊಳವೆಯೊಳಗಿರುವುದು ತೀರ ಅಲ್ಪ ಪ್ರಮಾಣ. ಆದರೂ ಕೊಳವೆ ಒಡೆದರೆ ಅದನ್ನು ಬರಿಗೈಯಿಂದ ಮುಟ್ಟದೆ, ಕಿಟಕಿ ತೆರೆದು ಹೊರಗೆ ಬರಬೇಕೆಂಬ ಎಚ್ಚರಿಕೆ ಇದ್ದೇ ಇದೆ.

ಜೋಡಿಸುವ ಕ್ರಮ

ಸೈಟನ್ನು ಬದಲಾಯಿಸುವುದು ಗಡಿಯಾರದ ರಿಪೇರಿಯಂತೆ ನಾಜೂಕಿನ ಕೆಲಸ. ಮೊದಲು ಗುಂಡುಗಳನ್ನೆಲ್ಲ ತೆಗೆದು, ಮೇಲಿನ ಜಾರುಭಾಗವನ್ನು ಬೇರೆ ಮಾಡಬೇಕು. ಗ್ಲಾಕ್ ಪಿಸ್ತೂಲಿನಲ್ಲಿ ಮುಂದಿನ ಸೈಟನ್ನು ಒಳಗಡೆಯಿಂದ ಒಂದು ಪುಟ್ಟ ತಿರುಪು ಹಿಡಿದಿರುತ್ತದೆ. ಹಿಂದಿನ ಸೈಟು ಓರೆಯಂಚಿನ ಗಾಡಿಯೊಳಗೆ ಬಿಗಿಯಾಗಿ ಕೂತಿರುವುದರಿಂದ, ಅದನ್ನು ಸುತ್ತಿಗೆಯಿಂದ ಹೊಡೆಯದೆ, ತಿರುಪಿನಿಂದ ಮೆಲ್ಲನೆ ತಳ್ಳುವ ಸಾಧನದಿಂದ ಸರಿಸುವುದು ಕ್ಷೇಮ. ಹೊಡೆತಕ್ಕೆ ಸಿಕ್ಕಿದರೆ ಒಳಗಿನ ಗಾಜು ಒಡೆಯುವ ಭಯವುಂಟು. ಹೊಸದನ್ನು ನಟ್ಟನಡುವೆ ಕೂರಿಸಿದ ಮೇಲೆ, ಗುಂಡು ಹಾರಿಸುವ ಅಂಕಣಕ್ಕೆ ಒಯ್ದು ಪರೀಕ್ಷಿಸಲೇಬೇಕು. ಗುಂಡುಗಳು ಎಡಕ್ಕೆ ಬೀಳುತ್ತಿದ್ದರೆ ಹಿಂದಿನ ಸೈಟನ್ನು ಬಲಕ್ಕೆ ಸರಿಸಬೇಕು. ಕೆಳಗೆ ಬೀಳುತ್ತಿದ್ದರೆ ಮುಂದಿನ ಸೈಟು ಎತ್ತರವಾಯಿತೆಂದು ತಿಳಿಯಬೇಕು.

ನಮ್ಮ ದೇಶದಲ್ಲಿ ಈ ಮಾತುಗಳೆಲ್ಲ ಬಹುಜನರಿಗೆ ಕೇವಲ ತಿಳಿವಳಿಕೆಯ ವಿಷಯ. ೧೯೫೯ರ ಶಸ್ತ್ರಾಸ್ತ್ರ ಕಾನೂನಿನ ಮೇರೆಗೆ ಪರವಾನಗಿಯಿಲ್ಲದೆ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಮೇಲೆ ಹೇಳಿದ ಪಿಸ್ತೂಲಿನಲ್ಲಿ ಬಳಸುವ ೯ ಮಿಲಿಮೀಟರಿನ ಗುಂಡಂತೂ ಸಾಮಾನ್ಯ ನಾಗರಿಕರಿಗೆ ನಿಷಿದ್ಧವಾದ ವರ್ಗಕ್ಕೆ ಸೇರಿದೆ. ಕೋವಿಯನ್ನೇ ಪೂಜಿಸುವ ಕೊಡಗಿನವರಿಗೆ ಪರಂಪರೆಯಿಂದ ಬಂದ ವಿನಾಯಿತಿಯನ್ನು ೨೦೧೯ರಲ್ಲಿ ಹತ್ತು ವರ್ಷಗಳ ಮಟ್ಟಿಗೆ ಮುಂದುವರಿಸಲಾಯಿತು. ಅದೂ ಕೋವಿ ಮತ್ತು ರೈಫಲುಗಳಿಗೆ ಸಂಬಂಧಿಸಿದುದು.

ಹಗ್ಗವೋ, ಹಾವೋ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮೂರು ಚುಕ್ಕೆಗಳು ಕತ್ತಲೆಯಲ್ಲಿ ಏನನ್ನು ತೋರಿಸುವುವು? ಪಿಸ್ತೂಲು ಎತ್ತ ಮುಖ ಮಾಡಿದೆ ಎಂಬುದನ್ನು ತೋರಿಸುವುವು. ಎದುರಿಗಿರುವವನು ಯಾರೆಂಬುದನ್ನು ತೋರಿಸಲಾರವು. ಆ ಹೊಳಪು ಒಂದು ಅಂಗುಲದಾಚೆಯ ವಸ್ತುವನ್ನೂ ಬೆಳಗಿಸುವಷ್ಟಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿಯಾದರೋ ದೀಪದ ಬುಡದಲ್ಲಿ ಮಾತ್ರ ಬೆಳಕು, ಮುಂದೆಲ್ಲ ಕತ್ತಲೆ.

ನಮ್ಮ ವೇದಾಂತಿಗಳು ಮುಸ್ಸಂಜೆಯ ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಬಗೆಯುವ ಮನುಷ್ಯನ ದೃಷ್ಟಾಂತವನ್ನು ಮತ್ತೆ ಮತ್ತೆ ಕೊಟ್ಟಿರುವರು. ಆ ಭ್ರಾಂತಿಗೆ ಅವರು ಹೇಳಿದ ಪರಿಹಾರ ದೀಪವನ್ನು ತರುವುದೇ ಹೊರತು, ದೊಣ್ಣೆಯನ್ನು ಹೊಳೆಯಿಸುವುದಲ್ಲ.

ಹಳೆಯ ಬೇಟೆಗಾರರು ಇದನ್ನು ಬಲ್ಲವರಾಗಿದ್ದರು. ಕೇದಾರ ಬದರಿಗಳ ಯಾತ್ರಾಮಾರ್ಗದಲ್ಲಿ ೧೨೫ ಮಂದಿಯನ್ನು ಕೊಂದ ರುದ್ರಪ್ರಯಾಗದ ಚಿರತೆಯನ್ನು ಜಿಮ್ ಕಾರ್ಬೆಟ್ ಸಾಹೇಬರು ೧೯೨೬ರ ಮೇ ತಿಂಗಳ ಒಂದು ರಾತ್ರಿ ಮಾವಿನ ಮರದ ಮೇಲೆ ಕುಳಿತು ಹೊಡೆದಾಗ, ಮೊದಲು ವಿದ್ಯುತ್ ಕೈದೀಪದ ಬೆಳಕನ್ನು ಅದರ ಮೇಲೆ ಬೀರಿ, ಕಣ್ಣಾರೆ ಕಂಡ ಬಳಿಕವೇ ಕುದುರೆ ಒತ್ತಿದರು. ಬೆಂಗಳೂರಿನವರೇ ಆದ ಕೆನೆತ್ ಆಂಡರ್‌ಸನ್ ಸಾಹೇಬರು ಮೈಸೂರು ಸೇಲಂಗಳ ಕಾಡುಗಳಲ್ಲಿ ನರಭಕ್ಷಕಗಳಿಗಾಗಿ ಇರುಳು ಕಾಯುವಾಗ ತಮ್ಮ ರೈಫಲಿಗೆ ಟಾರ್ಚನ್ನು ಬಿಗಿದುಕೊಂಡಿರುತ್ತಿದ್ದರು. ಕಾಡಿನ ಮೃಗಕ್ಕೇ ಇಷ್ಟು ನಿಶ್ಚಯ ಬೇಕಾದರೆ ಊರಿನ ಮನುಷ್ಯನಿಗೆ ಎಷ್ಟು ಬೇಡ? ಪಿಸ್ತೂಲಿಗೇ ಟಾರ್ಚು ಕಟ್ಟುವುದರಲ್ಲಿಯೂ ಅಪಾಯವುಂಟು. ಬಂದವನು ಮಗನೋ ಕಳ್ಳನೋ ಎಂದು ನೋಡುವುದಕ್ಕೆ ಮೊದಲು ಅವನತ್ತ ಪಿಸ್ತೂಲನ್ನೇ ತಿರುಗಿಸಬೇಕಾಗುವುದು. ಆದುದರಿಂದ ಬಲ್ಲವರು ಇನ್ನೊಂದು ಕೈಯಲ್ಲಿ ಬೇರೆಯೇ ಟಾರ್ಚು ಇರಲೆನ್ನುವರು. ಪಿಸ್ತೂಲು ವಿದ್ಯೆಯ ಆಚಾರ್ಯರೆನಿಸಿದ ಅಮೆರಿಕದ ಜೆಫ್ ಕೂಪರ್ ಬೋಧಿಸಿದ ನಾಲ್ಕು ನಿಯಮಗಳಲ್ಲಿ ಒಂದು ಇದೇ: ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಖಚಿತವಾಗದೆ ಗುಂಡು ಹಾರಿಸಬಾರದು.

ನಲವತ್ತೊಂದು ಗುಂಡುಗಳು

ಈ ನಿಯಮ ತಪ್ಪಿದರೆ ಏನಾಗುವುದೆಂಬುದಕ್ಕೆ ನ್ಯೂಯಾರ್ಕ್ ನಗರದಲ್ಲಿ ೧೯೯೯ರ ಫೆಬ್ರವರಿ ೪ರಂದು ನಡೆದ ಘಟನೆಯೇ ಸಾಕ್ಷಿ. ಅಮದು ಡಿಯಾಲೊ ಎಂಬ ೨೩ ವರ್ಷದ ತರುಣನು ಆಫ್ರಿಕದ ಗಿನಿ ದೇಶದಿಂದ ಹೊಟ್ಟೆಪಾಡಿಗಾಗಿ ಅಲ್ಲಿಗೆ ಬಂದವನು. ಹದಿನಾಲ್ಕನೆಯ ಬೀದಿಯ ಕಾಲುದಾರಿಯಲ್ಲಿ ಕೈಗವಸು, ಕಾಲುಚೀಲಗಳನ್ನು ಮಾರಿ ಬದುಕುತ್ತಿದ್ದನು. ನಡುರಾತ್ರಿ ಕಳೆದ ಮೇಲೆ ಆತನು ಬ್ರಾಂಕ್ಸ್ ಭಾಗದ ತನ್ನ ಬಿಡಾರದ ಬಾಗಿಲಲ್ಲಿ ನಿಂತಿದ್ದಾಗ, ಸಾದಾ ಉಡುಪಿನಲ್ಲಿದ್ದ ನಾಲ್ವರು ಪೋಲೀಸರು ಅಪರಾಧಿಯೊಬ್ಬನನ್ನು ಹುಡುಕುತ್ತ ಅಲ್ಲಿಗೆ ಬಂದರು. ಅವರು ಕೂಗಿ ಕರೆದಾಗ ಆತನು ಜೇಬಿಗೆ ಕೈಹಾಕಿ ಒಂದು ಕರಿಯ ವಸ್ತುವನ್ನು ಹೊರತೆಗೆದನು. ಒಬ್ಬ ಪೋಲೀಸನು ಅದನ್ನು ಪಿಸ್ತೂಲೆಂದು ಬಗೆದು ಕೂಗಿದನು. ಇನ್ನೊಬ್ಬನು ಮೆಟ್ಟಿಲ ಮೇಲೆ ಎಡವಿ ಹಿಂದಕ್ಕೆ ಬಿದ್ದುದನ್ನು ಕಂಡು, ಅವನಿಗೆ ಗುಂಡು ತಗಲಿತೆಂದು ಉಳಿದವರು ಭಾವಿಸಿದರು. ಕೆಲವೇ ಕ್ಷಣಗಳಲ್ಲಿ ೪೧ ಗುಂಡುಗಳು ಹಾರಿದುವು. ೧೯ ಗುಂಡುಗಳು ಆತನ ಮೈ ಹೊಕ್ಕವು.

ಆತನು ನಿರಾಯುಧನಾಗಿದ್ದನು. ಕೈಯಲ್ಲಿ ಇದ್ದುದು ಹಣದ ಚೀಲ.

ಮರುವರ್ಷ ನಾಲ್ವರೂ ನ್ಯಾಯಾಲಯದಲ್ಲಿ ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು. ೨೦೦೪ರಲ್ಲಿ ನಗರಾಡಳಿತವು ಆತನ ಕುಟುಂಬಕ್ಕೆ ಮೂವತ್ತು ಲಕ್ಷ ಡಾಲರುಗಳನ್ನು ಕೊಟ್ಟು ದಾವೆಯನ್ನು ಮುಗಿಸಿಕೊಂಡಿತು. ಅಂದು ಅಲ್ಲಿ ಕೊರತೆಯಾಗಿದ್ದುದು ಗುಂಡುಗಳಲ್ಲ, ಗುರಿ ಹಿಡಿಯುವ ಸಾಧನವೂ ಅಲ್ಲ. ಎದುರಿಗಿದ್ದವನನ್ನು ಗುರುತಿಸುವ ಬೆಳಕು ಮತ್ತು ಆ ಬೆಳಕಿಗಾಗಿ ಕಾಯುವ ಒಂದು ಗಳಿಗೆಯ ತಾಳ್ಮೆ ಅಲ್ಲಿರಲಿಲ್ಲ.

ಊರು ಬಿಟ್ಟು ಬಂದು, ಅರಿಯದ ನಗರದಲ್ಲಿ ಹೊತ್ತು ಮೀರಿ ದುಡಿದು, ಕತ್ತಲೆಯಲ್ಲಿ ಬಿಡಾರದ ಬಾಗಿಲಿಗೆ ಬಂದು ನಿಂತು ಜೇಬಿನಲ್ಲಿ ಬೀಗದ ಕೈಯನ್ನು ತಡಕುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಡಿಯಾಲೊ ನಮ್ಮ ಪಾಲಿಗೆ ಪರಕೀಯನಲ್ಲ. ನಮ್ಮ ದೇಶದಲ್ಲಿ ಪಿಸ್ತೂಲುಗಳು ವಿರಳವಾಗಿರಬಹುದು. ಆದರೆ ಸಂಶಯವು ವಿರಳವಲ್ಲ. ರಾತ್ರಿ ಪಾರಾ ಮಾಡುವವನ ಕೋಲಿಗೂ, ಕಳ್ಳನೆಂದು ಕೂಗೆದ್ದ ಗುಂಪಿನ ಕೈಗಳಿಗೂ ಇದೇ ನಿಯಮ ಅನ್ವಯಿಸುವುದು.

ಸೈಟು ಬದಲಾಯಿಸುವುದನ್ನು ನಾವು ತಪ್ಪೆನ್ನುವುದಿಲ್ಲ. ಕರ್ತವ್ಯಕ್ಕಾಗಿ ಆಯುಧ ಹಿಡಿಯಲೇಬೇಕಾದವನ ಗುಂಡು ಅತ್ತಿತ್ತ ಹೋಗಿ ದಾರಿಹೋಕನಿಗೆ ತಗಲುವುದಕ್ಕಿಂತ ನೆಟ್ಟಗೆ ಹೋಗುವುದು ಮೇಲು. ಅಷ್ಟರಮಟ್ಟಿಗೆ ಆ ಮೂರು ಚುಕ್ಕೆಗಳ ಉಪಕಾರವನ್ನು ಒಪ್ಪಬೇಕು. ಆದರೆ ಸೈಟಿಗೆ ನೂರು ಡಾಲರಿನ ಆಸುಪಾಸು ವೆಚ್ಚ ಮಾಡುವವನು ಮೊದಲು ಒಂದು ಟಾರ್ಚನ್ನೂ ಮನೆಯ ಬಾಗಿಲಿಗೊಂದು ದೀಪವನ್ನೂ ಕೊಳ್ಳಲಿ. ಟ್ರಿಟಿಯಮ್ಮಿನ ಬೆಳಕು ಹನ್ನೆರಡು ವರ್ಷಗಳಲ್ಲಿ ಅರ್ಧವಾದರೆ ಹೊಸದನ್ನು ತಂದು ಹಾಕಬಹುದು. ಬಾಗಿಲಲ್ಲಿ ನಿಂತವನನ್ನು ನೋಡದೆ ಹಾರಿಸಿದ ಗುಂಡನ್ನು ಮರಳಿ ತರುವ ಉಪಾಯ ಯಾವ ಕಾರ್ಖಾನೆಯಲ್ಲಿಯೂ ಇಲ್ಲ.